ತಪ್ಪು ಯಾರದು?

ಏನಾದರೂ ಅನಾಹುತವಾದಾಗ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ, "ಇದನ್ನು ಮಾಡಿದ್ದು ಯಾರು?" ಎಂಬುದು. ಒಂದು ಹೆಸರು ಸಿಕ್ಕಿದರೆ ಸಾಕು, ನಮ್ಮ ವಿಚಾರಣೆ ಮುಗಿಯಿತು. ಈ ಅವಸರ ನ್ಯಾಯವೇ? ಮನುಷ್ಯನಿಗೂ ಯಂತ್ರಕ್ಕೂ ಇರುವ ಸಂಬಂಧವನ್ನು ದಶಕಗಳ ಕಾಲ ಅಭ್ಯಸಿಸಿದ ಅಮೆರಿಕದ ವಿದ್ವಾಂಸ ಡೊನಾಲ್ಡ್ ನಾರ್ಮನ್ ಅವರ ಬಾಳು ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ.

1935ರಲ್ಲಿ ಜನಿಸಿದ ನಾರ್ಮನ್ ಮೊದಲು ಓದಿದ್ದು ಇಂಜಿನಿಯರಿಂಗ್. ಬಳಿಕ ಮನಃಶಾಸ್ತ್ರದತ್ತ ಹೊರಳಿ 1962ರಲ್ಲಿ ಡಾಕ್ಟರೇಟ್ ಪಡೆದರು, ಕ್ಯಾಲಿಫೋರ್ನಿಯಾದಲ್ಲಿ ಪ್ರಾಧ್ಯಾಪಕರಾದರು. ಯಂತ್ರ, ಮನಸ್ಸು ಎರಡನ್ನೂ ಬಲ್ಲ ಅವರಿಗೆ 1979ರಲ್ಲಿ ಒಂದು ಕರೆ ಬಂತು.

ಆ ವರ್ಷದ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅಪಘಾತವಾಗಿತ್ತು. ಮುಚ್ಚಿಕೊಳ್ಳಬೇಕಾಗಿದ್ದ ವಾಲ್ವ್ ಒಂದು ತೆರೆದೇ ಉಳಿದು, ಸ್ಥಾವರವನ್ನು ತಂಪಾಗಿಡುವ ನೀರು ಹೊರಹೋಗುತ್ತಿತ್ತು. ಆದರೆ ನಿಯಂತ್ರಣ ಕೊಠಡಿಯ ದೀಪ ಆರಿತ್ತು. ವಾಲ್ವ್ ಮುಚ್ಚಿದೆಯೆಂದು ಕೆಲಸಗಾರರು ನಂಬಿದರು. ವಾಸ್ತವವಾಗಿ ಆ ದೀಪ ತಿಳಿಸುತ್ತಿದ್ದುದು, ಮುಚ್ಚುವ ಆಜ್ಞೆ ಹೋಗಿದೆ ಎಂಬುದನ್ನಷ್ಟೇ; ವಾಲ್ವ್ ಮುಚ್ಚಿತೇ ಎಂಬುದನ್ನಲ್ಲ. ನೂರಕ್ಕೂ ಹೆಚ್ಚು ಎಚ್ಚರಿಕೆಯ ಸೂಚನೆಗಳು ಒಮ್ಮೆಗೇ ಮೊಳಗುತ್ತಿದ್ದ ಆ ಗೊಂದಲದಲ್ಲಿ ಅವರು ತುರ್ತು ನೀರಿನ ಹರಿವನ್ನೂ ತಗ್ಗಿಸಿದರು. ಸ್ಥಾವರದ ಒಡಲಿನ ಒಂದು ಭಾಗ ಕರಗಿಹೋಯಿತು.

ದೂರು ಕೆಲಸಗಾರರ ತಲೆಯ ಮೇಲೆ ಬಿತ್ತು. ಅವರು ಅಷ್ಟು ದೊಡ್ಡ ತಪ್ಪುಗಳನ್ನು ಏಕೆ ಮಾಡಿದರೆಂದು ಪರಿಶೀಲಿಸಲು ಹೋದ ನಾರ್ಮನ್ ಕಂಡದ್ದೇ ಬೇರೆ. ಕೆಲಸಗಾರರು ಬುದ್ಧಿವಂತರೇ ಆಗಿದ್ದರು. ತಪ್ಪಿಗೆ ಎಡೆಮಾಡಿಕೊಟ್ಟದ್ದು ಆ ಕೊಠಡಿಯ ರಚನೆ. 1988ರಲ್ಲಿ ಅವರು ಪ್ರಕಟಿಸಿದ ಪ್ರಸಿದ್ಧ ಗ್ರಂಥ ಬಾಗಿಲು, ಒಲೆ, ದೂರವಾಣಿಗಳಂಥ ದಿನಬಳಕೆಯ ವಸ್ತುಗಳಿಗೂ ಇದೇ ವಿಚಾರವನ್ನು ಅನ್ವಯಿಸಿತು. 1993ರಲ್ಲಿ ಅವರು ಆಪಲ್ ಕಂಪ್ಯೂಟರ್ ಸಂಸ್ಥೆಯನ್ನು ಸೇರಿದರು.

ಹಾಗಾದರೆ ಮನುಷ್ಯನಿಗೆ ಹೊಣೆಯೇ ಇಲ್ಲವೇ? ಇದೆ. ತಿಳಿದೂ ಮಾಡಿದ ಅನ್ಯಾಯಕ್ಕೆ ಸಲಕರಣೆಯನ್ನು ದೂರಿ ಪಾರಾಗಲಾಗದು. ಆದರೆ ಒಳ್ಳೆಯದನ್ನೇ ಮಾಡಹೊರಟವನ ಕೈ ತಪ್ಪಿದಾಗ, ಅವನ ಮನಸ್ಸನ್ನೇ ಶಂಕಿಸುವುದು ನ್ಯಾಯವಲ್ಲ. ಇಲ್ಲಿ ಹೊಣೆ ಇಲ್ಲವಾಗುವುದಿಲ್ಲ, ಹಂಚಿಹೋಗುತ್ತದೆ: ಕೆಲಸ ಮಾಡಿದವನ ಜೊತೆಗೆ, ಆ ಕೆಲಸದ ವ್ಯವಸ್ಥೆ ಮಾಡಿದವನೂ ಉತ್ತರ ಕೊಡಬೇಕು.

ಈ ಮಾತು ನಮ್ಮ ಕುಟುಂಬಗಳಿಗೂ ಸಲ್ಲುತ್ತದೆ. ನೋಡಲು ಒಂದೇ ತೆರನಾದ ಎರಡು ಮಾತ್ರೆಗಳನ್ನು ಒಂದೇ ಡಬ್ಬಿಯಲ್ಲಿಟ್ಟು, ಕಣ್ಣು ಮಂಜಾದ ಅಜ್ಜಿ ಒಂದರ ಬದಲು ಇನ್ನೊಂದನ್ನು ನುಂಗಿದರೆ, "ನಿಮಗೆ ಅಷ್ಟೂ ತಿಳಿಯುವುದಿಲ್ಲವೇ?" ಎಂದು ಗದರುತ್ತೇವೆ. ಡಬ್ಬಿಯನ್ನು ಹಾಗೆ ಜೋಡಿಸಿದವರು ಯಾರು? ಬೈಗುಳದಿಂದ ಅಜ್ಜಿಯ ಕಣ್ಣು ತಿಳಿಯಾಗದು. ಅವರು "ನನಗೇ ಬುದ್ಧಿಯಿಲ್ಲ" ಎಂದು ಕುಗ್ಗುತ್ತಾರೆ. ಮುಂದಿನ ಸಲ ಮಾತ್ರೆ ತಪ್ಪಾದರೂ ಯಾರಿಗೂ ಹೇಳುವುದಿಲ್ಲ. ಆ ಮೌನವೇ ಹೆಚ್ಚು ಅಪಾಯಕಾರಿ.

ಆದ್ದರಿಂದ ಮನೆಯಲ್ಲಾಗಲಿ ಕೆಲಸದಲ್ಲಾಗಲಿ, ನಮ್ಮ ಕೈಕೆಳಗಿನವರು ಎಡವಿದಾಗ "ಯಾರು ಮಾಡಿದ್ದು?" ಎಂದು ಕೇಳುವುದರ ಜೊತೆಗೆ, "ಎಡವುವಂತೆ ಇಲ್ಲಿ ಕಲ್ಲಿಟ್ಟವರು ಯಾರು?" ಎಂದೂ ಕೇಳೋಣ. ಇಟ್ಟವರು ನಾವೇ ಆಗಿದ್ದರೆ, ಗದರುವ ಮೊದಲು ಆ ಕಲ್ಲನ್ನು ತೆಗೆಯೋಣ.