ಕ್ಷಣದ ಮೈಮರೆವಿಗೆ ಹೊಣೆ ಯಾರು?

ನಿಮ್ಮ ಮನೆಯ ಕಪಾಟನ್ನೋ ಮಂಚವನ್ನೋ ಮಾಡಿಕೊಟ್ಟ ಬಡಗಿಯ ಕೈಗಳನ್ನು ಎಂದಾದರೂ ಗಮನಿಸಿದ್ದೀರಾ? ವರ್ಷಗಟ್ಟಲೆ ಗರಗಸದೊಡನೆ ದುಡಿದ ಕೈಗಳಲ್ಲಿ ಕೆಲವೊಮ್ಮೆ ಒಂದು ಬೆರಳಿನ ತುದಿ ಇರುವುದಿಲ್ಲ. ವಿಚಾರಿಸಿದರೆ, "ತಪ್ಪು ನನ್ನದೇ, ಒಂದು ಕ್ಷಣ ಮೈಮರೆತೆ" ಎಂಬ ಉತ್ತರ ದೊರೆಯುತ್ತದೆ. ನಾವು ಅನುಕಂಪದಿಂದ ತಲೆಯಾಡಿಸಿ ಆ ಉತ್ತರವನ್ನು ಒಪ್ಪಿಕೊಂಡುಬಿಡುತ್ತೇವೆ. ಅದನ್ನು ಅಷ್ಟು ಸುಲಭವಾಗಿ ಒಪ್ಪಬಹುದೇ? ಎಚ್ಚರ ತಪ್ಪಿದವನೊಬ್ಬನೇ ಹೊಣೆಗಾರನೇ? ಉಪಕರಣವನ್ನು ತಯಾರಿಸಿದವರಿಗೂ ಕೆಲಸ ಮಾಡಿಸಿದವರಿಗೂ ಅದರಲ್ಲಿ ಪಾಲಿಲ್ಲವೇ?

ಒಂದು ಯಂತ್ರದ ಕಥೆ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ. ಅಮೆರಿಕದಲ್ಲಿ ಮನೆಯ ಗ್ಯಾರೇಜನ್ನೇ ಕಾರ್ಯಾಗಾರ ಮಾಡಿಕೊಂಡು, ಬಿಡುವಿನ ವೇಳೆಯಲ್ಲಿ ಪೀಠೋಪಕರಣಗಳನ್ನು ತಯಾರಿಸುವವರು ಬಹುಮಂದಿ. ಅವರ ಮುಖ್ಯ ಸಾಧನ ಟೇಬಲ್ ಸಾ, ಅಂದರೆ ಮೇಜಿನ ನಡುವಣ ಸೀಳಿನಿಂದ ಅಲಗು ಮೇಲೆದ್ದಿರುವ ವಿದ್ಯುತ್ ಗರಗಸ. ಹತ್ತು ಅಂಗುಲದ ಆ ದುಂಡು ಅಲಗು ನಿಮಿಷಕ್ಕೆ ಸುಮಾರು 4,000 ಸುತ್ತು ತಿರುಗುತ್ತದೆ. ಹಲಗೆಯನ್ನು ಕೈಯಿಂದಲೇ ಅದರತ್ತ ತಳ್ಳಬೇಕು. ಆ ದೇಶದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜಿನಂತೆ, ಇಂತಹ ಅಲಗು ತಗುಲಿ ಗಾಯಗೊಂಡು ಚಿಕಿತ್ಸೆ ಪಡೆಯುವವರು ವರ್ಷಕ್ಕೆ ಸುಮಾರು 30 ಸಾವಿರ ಮಂದಿ. ಅವರಲ್ಲಿ ಸಾವಿರಾರು ಮಂದಿ ಬೆರಳುಗಳನ್ನೇ ಕಳೆದುಕೊಳ್ಳುತ್ತಾರೆ.

ಒರೆಗಾನ್ ರಾಜ್ಯದ ಸ್ಟೀಫನ್ ಗ್ಯಾಸ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, ವೃತ್ತಿಯಿಂದ ಪೇಟೆಂಟ್ ವಕೀಲರು, ಹವ್ಯಾಸದಿಂದ ಮರಗೆಲಸಗಾರರು. 1999ರಲ್ಲಿ ತಮ್ಮ ಕಾರ್ಯಾಗಾರದಲ್ಲಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು. ಒಣಮರದಲ್ಲಿ ವಿದ್ಯುತ್ತು ಹರಿಯುವುದು ಅತ್ಯಲ್ಪ. ಮನುಷ್ಯನ ದೇಹದಲ್ಲಾದರೋ ಅದು ಸುಲಭವಾಗಿ ಹರಿಯುತ್ತದೆ. ಅಲಗಿಗೆ ಅತಿ ಸಣ್ಣ ವಿದ್ಯುತ್ ಸಂಕೇತವನ್ನು ಕೊಟ್ಟಿದ್ದರೆ, ಬೆರಳು ತಗುಲಿದ ಕೂಡಲೇ ಆ ಸಂಕೇತ ಬದಲಾಗುತ್ತದೆ. ಆಗ ಅಲ್ಯೂಮಿನಿಯಂ ತುಂಡೊಂದು ಸ್ಪ್ರಿಂಗಿನ ಬಲದಿಂದ ಅಲಗಿನ ಹಲ್ಲುಗಳಿಗೆ ನುಗ್ಗಿ, ಸೆಕೆಂಡಿನ ಇನ್ನೂರನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಅದನ್ನು ನಿಲ್ಲಿಸುತ್ತದೆ. ಅಲಗು ಮೇಜಿನ ಕೆಳಕ್ಕೆ ಕುಸಿಯುತ್ತದೆ. ಬೆರಳಿಗಾಗುವುದು ಸಾಮಾನ್ಯವಾಗಿ ಸಣ್ಣ ಗೀರು ಮಾತ್ರ. ಅವರು ಮೊದಲು ಮಾಂಸದ ಸಾಸೇಜನ್ನು ಒಡ್ಡಿ ಪರೀಕ್ಷಿಸಿದರು. ಬಳಿಕ ತಮ್ಮ ಬೆರಳನ್ನೇ ಒಡ್ಡಿದರು.

ಆದರೆ ದೊಡ್ಡ ತಯಾರಕರು ಇದನ್ನು ಅಳವಡಿಸಿಕೊಳ್ಳಲು ಮುಂದೆ ಬರಲಿಲ್ಲ. ಬೆಲೆ ಏರುತ್ತದೆ, ಹಸಿಮರ ತಗುಲಿದರೂ ಯಂತ್ರ ನಿಂತೀತು ಎಂಬ ಆಕ್ಷೇಪಗಳಿದ್ದವು. ಕೊನೆಗೆ ಗ್ಯಾಸ್ ಮತ್ತು ಅವರ ಸಂಗಡಿಗರು ಸಾಸ್ಟಾಪ್ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿ, 2004ರಿಂದ ಇಂತಹ ಗರಗಸಗಳನ್ನು ಮಾರತೊಡಗಿದರು.

ಮರಗೆಲಸ ಬಲ್ಲವರ ಒಂದು ಆಕ್ಷೇಪ ಮಾತ್ರ ನಮ್ಮ ಚಿಂತನೆಗೆ ಅರ್ಹವಾದುದು. ಯಂತ್ರವೇ ಕಾಪಾಡುವುದಾದರೆ ಮನುಷ್ಯನು ಎಚ್ಚರವನ್ನು ಕಲಿಯುವುದಾದರೂ ಏಕೆ ಎಂದು ಅವರು ಕೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಕೈಗರಗಸವನ್ನೂ ಉಳಿಯನ್ನೂ ಹಿಡಿದು ಕಲಿತವನಿಗೆ ಮರದ ಎಳೆಯ ದಿಕ್ಕು ತಿಳಿಯುತ್ತದೆ, ತಾಳ್ಮೆ ಮೈಗೂಡುತ್ತದೆ. ಆ ಶಿಸ್ತನ್ನು ಯಾವ ಯಂತ್ರವೂ ಕೊಡಲಾರದು. ಮೇಲಾಗಿ, ಹಲಗೆಯು ಅಲಗಿಗೆ ಸಿಕ್ಕಿ ಹಿಂದಕ್ಕೆ ಚಿಮ್ಮಿ ಎದೆಗೆ ಬಡಿಯುವುದನ್ನು ಈ ಹೊಸ ಸಾಧನವು ತಡೆಯದು. ಅದಕ್ಕೆ ಅಲಗಿನ ಹಿಂದೆ ನಿಲ್ಲಿಸುವ ತೆಳುವಾದ ಲೋಹದ ಪಟ್ಟಿ ಬೇಕು, ನಿಂತು ಕೆಲಸ ಮಾಡುವ ಸರಿಯಾದ ರೀತಿಯೂ ಬೇಕು.

ಆದರೂ, ಎಚ್ಚರವು ದಿನವಿಡೀ ಒಂದೇ ಮಟ್ಟದಲ್ಲಿ ಉಳಿಯುವಂಥದ್ದಲ್ಲ. ನಿದ್ದೆಗೆಟ್ಟ ರಾತ್ರಿ, ಮಗುವಿನ ಜ್ವರ, ಸಂಜೆಯ ಆಯಾಸ ಇವು ಎಂತಹ ಕುಶಲಿಯ ಗಮನವನ್ನೂ ಸಡಿಲಿಸುತ್ತವೆ. ಒಂದು ಕ್ಷಣದ ಮೈಮರೆವಿಗೆ ಬದುಕಿನುದ್ದಕ್ಕೂ ಬೆರಳಿಲ್ಲದಿರುವುದು ತಕ್ಕ ದಂಡನೆ ಎಂದು ಹೇಳಲು ನಮ್ಮ ಮನಸ್ಸು ಒಪ್ಪೀತೇ? ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕೆಂಬ ವಿಧಿಯೊಂದು ಧರ್ಮೋಪದೇಶಕಾಂಡದಲ್ಲಿದೆ. ಬಿದ್ದವನು ನೋಡಿಕೊಂಡು ನಡೆಯಬೇಕಿತ್ತು ಎಂದು ಆ ವಿಧಿ ವಾದಿಸುವುದಿಲ್ಲ. ಮನೆ ಕಟ್ಟಿದವನನ್ನೂ ಹೊಣೆಗಾರನನ್ನಾಗಿ ಮಾಡುತ್ತದೆ. ಇತರರ ದುರ್ಬಲ ಕ್ಷಣವನ್ನು ಮುಂಚಿತವಾಗಿಯೇ ನೆನೆದು ಏರ್ಪಾಡು ಮಾಡುವುದು ನೆರೆಯವನ ಮೇಲಣ ಪ್ರೀತಿಯ ಒಂದು ರೂಪವೇ ಸರಿ.

ಹಾಗೆಂದು ಈ ಕಥೆಯಲ್ಲಿ ಒಂದು ಪಕ್ಷವನ್ನು ಪೂರ್ಣವಾಗಿ ಹೊಗಳುವಂತಿಲ್ಲ. ಬಾಷ್ ಸಂಸ್ಥೆಯೂ ಬೆರಳನ್ನು ಉಳಿಸುವ ಗರಗಸವೊಂದನ್ನು ಹೊರತಂದಾಗ ಸಾಸ್ಟಾಪ್ ದಾವೆ ಹೂಡಿತು. ಪೇಟೆಂಟ್ ಉಲ್ಲಂಘನೆಯಾಗಿದೆಯೆಂದು ತೀರ್ಮಾನಿಸಿ, ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗವು 2017ರಲ್ಲಿ ಅದರ ಆಮದನ್ನು ತಡೆಯಿತು. ಸರ್ಕಾರವು ಈ ರಕ್ಷಣೆಯನ್ನು ಕಡ್ಡಾಯಗೊಳಿಸಿದರೆ ತನ್ನ ಮುಖ್ಯ ಪೇಟೆಂಟೊಂದನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವುದಾಗಿ ಸಾಸ್ಟಾಪ್ 2024ರಲ್ಲಿ ಹೇಳಿತು. ಕಂಡುಹಿಡಿದವರಿಗೆ ಶ್ರಮದ ಫಲ ಸಲ್ಲಬೇಕು, ನಿಜ. ಆದರೆ ಹಣವುಳ್ಳವನ ಬೆರಳಿಗೆ ಮಾತ್ರ ರಕ್ಷಣೆ ದೊರೆಯುವುದಾದರೆ ನ್ಯಾಯವು ಅರ್ಧಕ್ಕೇ ನಿಂತಂತೆ.

ಈಗ ನಮ್ಮ ಮನೆಗಳ ಕಡೆಗೆ ನೋಡೋಣ. ನಮ್ಮಲ್ಲಿ ಕೆಲಸಕ್ಕೆ ಬರುವ ಬಡಗಿಗಳಲ್ಲಿ ಅನೇಕರು, ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸವನ್ನೇ ಪ್ಲೈವುಡ್ ಹಲಗೆಯ ಅಡಿಗೆ ತಲೆಕೆಳಗಾಗಿ ಬಿಗಿದು ಮೇಜಿನ ಗರಗಸ ಮಾಡಿಕೊಳ್ಳುತ್ತಾರೆ. ಅಲ್ಲಿ ಅಲಗಿಗೆ ಮುಚ್ಚಳವಿಲ್ಲ, ನಿಲ್ಲಿಸುವ ಸಾಧನವಂತೂ ಇಲ್ಲವೇ ಇಲ್ಲ. ಅಂತಹ ಅಲಗಿನ ಮುಂದೆ ನಿಂತವನಿಗೆ ನಾವು, "ಮನೆ ಆಶೀರ್ವಾದದ ದಿನ ಹತ್ತಿರ ಬಂತು, ಇವತ್ತೇ ಮುಗಿಸಿಬಿಡಿ" ಎಂದು ಅವಸರಪಡಿಸುತ್ತೇವೆ. ಅವನ ಗಮನವನ್ನು ಸಡಿಲಿಸುವ ಕಾರಣಗಳಲ್ಲಿ ನಮ್ಮ ಈ ಮಾತೂ ಒಂದಾಗುತ್ತದೆ.

ದುಬಾರಿ ಯಂತ್ರವನ್ನು ಕೊಡಿಸುವುದು ನಮ್ಮಿಂದಾಗದಿರಬಹುದು. ಆದರೆ ಎರಡು ದಿನ ಹೆಚ್ಚು ಕೊಡುವುದು ಆದೀತು. ಕೆಲಸದ ಜಾಗಕ್ಕೆ ಒಳ್ಳೆಯ ಬೆಳಕು ಒದಗಿಸುವುದು, ಮಕ್ಕಳನ್ನು ದೂರವಿರಿಸುವುದು, ಅಲಗು ತಿರುಗುತ್ತಿರುವಾಗ ಮಾತನಾಡಿಸದಿರುವುದು, ಕತ್ತಲಾದ ಮೇಲೆ "ಸಾಕು, ನಾಳೆ ಬನ್ನಿ" ಎನ್ನುವುದು, ಹಲಗೆಯನ್ನು ಕೈಯಿಂದ ತಳ್ಳುವ ಬದಲು ಕೋಲಿನಿಂದ ತಳ್ಳಿರೆಂದು ವಿನಯದಿಂದ ನೆನಪಿಸುವುದು ಇವೆಲ್ಲ ನಮ್ಮ ಕೈಯಲ್ಲೇ ಇವೆ. ಮುಂದಿನ ಸಲ ಬಡಗಿ ನಿಮ್ಮ ಅಂಗಳದಲ್ಲಿ ಗರಗಸ ಹೂಡಿದಾಗ, ಕೆಲಸ ಯಾವಾಗ ಮುಗಿಯುತ್ತದೆಂದು ಕೇಳುವ ಮುನ್ನ, ಊಟವಾಯಿತೇ ಎಂದು ಕೇಳಿ.