ನಾನೊಬ್ಬನು ಉಳಿಸಿದರೆ ಏನು ಪ್ರಯೋಜನ?

ಕೆಲವು ತಿಂಗಳುಗಳ ಕೆಳಗೆ ಒಂದು ಭಾನುವಾರ, ಲಕ್ಕವಳ್ಳಿಯಿಂದ ಕೆಳಗೆ ನಾಲೆಯ ಬದಿಯಲ್ಲಿರುವ ಒಂದು ಊರಿನಲ್ಲಿ, ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯನೊಬ್ಬನು ನನ್ನನ್ನು ಪಕ್ಕಕ್ಕೆ ಕರೆದು, “ಅಯ್ಯನವರೇ, ಮಿತವಾಗಿ ಜೀವಿಸಬೇಕೆಂದು ಈಹೊತ್ತು ಬೋಧಿಸಿದಿರಿ, ಒಳ್ಳೇದು. ಆದರೆ ನನ್ನದು ಒಂದೂವರೆ ಎಕರೆ ಗದ್ದೆ. ಅಣೆಕಟ್ಟಿನಲ್ಲಿ ಸಮುದ್ರದ ಹಾಗೆ ನೀರು ನಿಂತಿದೆ. ನಾನೊಬ್ಬನು ರಾತ್ರಿ ಎದ್ದು ಗದ್ದೆಯ ಬಾಯಿ ಮುಚ್ಚಿದರೆ ಯಾರಿಗೆ ಏನು ಪ್ರಯೋಜನ? ನಾನು ಬಿಟ್ಟ ನೀರನ್ನು ಮುಂದಿನವನು ಪಂಪು ಇಟ್ಟು ಎತ್ತಿಕೊಳ್ಳುತ್ತಾನೆ, ಅಷ್ಟೇ ತಾನೆ?” ಎಂದು ಕೇಳಿದನು. ಆ ಕ್ಷಣದಲ್ಲಿ ನನಗೆ ತಕ್ಕ ಉತ್ತರ ತೋಚಲಿಲ್ಲ. ಈ ಪ್ರಶ್ನೆಯಲ್ಲಿ ಕಪಟವಿರಲಿಲ್ಲವಾದದರಿಂದ, ಆತನ ಸಂಗಡ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ಮಾತು. ನಮ್ಮ ಸಭೆಗಳಲ್ಲಿ ಕೂಲಿಯಿಂದಲೇ ದಿನ ನೂಕುವವರು ಅನೇಕರು. ಅವರಿಗೆ ಮಿತವ್ಯಯವನ್ನು ಬೋಧಿಸುವದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ನಾನು ಹೇಳುವದು ಸಾಕಷ್ಟು ಇದ್ದು ಇನ್ನೂ ಸ್ವಲ್ಪ ಇರಲಿ ಎನ್ನುವವರನ್ನು ಕುರಿತು. ಅವರಲ್ಲಿ ನಾನೂ ಒಬ್ಬನು.

ಲಕ್ಕವಳ್ಳಿಯ ಅಣೆಕಟ್ಟಿನ ಮೇಲೆ ನಿಂತು ನೋಡಿದವನಿಗೆ ನೀರಿಗೆ ಬರವುಂಟೆಂದು ನಂಬುವದು ಕಷ್ಟ. 1947ರಲ್ಲಿ ಮೊದಲಾಗಿ 1960ರ ದಶಕದಲ್ಲಿ ಮುಗಿದ ಈ ಕಟ್ಟಡವು ಪೂರ್ತಿ ತುಂಬಿದರೆ 186 ಅಡಿ ನೀರು, ಟಿ.ಎಂ.ಸಿ. ಎಂಬ ಲೆಕ್ಕದಲ್ಲಿ 71.5, ಅಂದರೆ 7,150 ಕೋಟಿ ಘನ ಅಡಿ. ಆ ನೀರಿನ ಅಡಿಯಲ್ಲಿ ಒಂದು ಕಾಲದಲ್ಲಿ ಊರುಗಳೂ ಗದ್ದೆಗಳೂ ಇದ್ದವು. ಅಲ್ಲಿದ್ದವರು ಒಲೆಯನ್ನು ಬಿಟ್ಟು ಎದ್ದುಹೋದದರಿಂದಲೇ ನಮ್ಮ ಗದ್ದೆಗಳಿಗೆ ನೀರು ಬಂತು. ನಾಲೆಗೆ ನೀರು ಬಿಟ್ಟ ದಿನ ಇದನ್ನು ನೆನಸುವವರು ಎಷ್ಟು ಮಂದಿ?

ಬಲದಂಡೆಯ ನಾಲೆಯಾದರೋ ಸುಮಾರು 100 ಕಿಲೋಮೀಟರು ಹರಿದು, ದಾವಣಗೆರೆ ಮಲೇಬೆನ್ನೂರು ಕಡೆಗಳಿಗೆ ಕವಲಾಗಿ ಹೋಗುತ್ತದೆ. ಮೇಲ್ಗಡೆಯ ನಮಗೆ ನಾಲೆ ಮನೇ ಬಾಗಲಿನ ಹೊಳೆ. ಅಚ್ಚುಕಟ್ಟಿನ ಕೊನೇ ಭಾಗದ ರೈತನಿಗೆ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟು ಅಣೆಕಟ್ಟು ತುಂಬದೆ ಹೋದಾಗ, ನೀರು ಎಷ್ಟು ದಿವಸ ಬಿಡಬೇಕು, ಎಷ್ಟು ದಿವಸ ನಿಲ್ಲಿಸಬೇಕು ಎಂಬ ವಿಷಯದಲ್ಲಿ ದಾವಣಗೆರೆ ಸೀಮೆಯ ರೈತರು ಬೀದಿಗಿಳಿದದ್ದನ್ನು ಎಲ್ಲರೂ ಬಲ್ಲರು.

ಈಗ ನಮ್ಮ ಹಿರಿಯನ ಪ್ರಶ್ನೆಗೆ ಬರೋಣ. ಅವನ ಒಂದೂವರೆ ಎಕರೆಗೆ ಒಂದು ತಾಸು ಹೆಚ್ಚಾಗಿ ನೀರು ಹಾಯ್ದರೆ ಕೊನೇ ಭಾಗದವನಿಗೆ ಏನು ನಷ್ಟ? ಅಳೆದು ತೋರಿಸುವಷ್ಟು ಏನೂ ಇಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ಸಾವಿರ ಮಂದಿ ಹೀಗೆಯೇ ಅಂದುಕೊಂಡು ತಲಾ ಒಂದು ತಾಸು ಹೆಚ್ಚಾಗಿ ಹಾಯಿಸಿದರೆ, ಸಾವಿರ ತಾಸಿನ ನೀರು ಕೊನೆಯವನಿಗೆ ಮುಟ್ಟುವದಿಲ್ಲ. ಅವನ ಪೈರು ಸಾವಿರದಲ್ಲಿ ಒಂದು ಪಾಲು ಒಣಗುವದಿಲ್ಲ; ಪೂರಾ ಒಣಗುತ್ತದೆ. ಆಗ ಯಾರು ತೆಗೆದರೆಂದು ವಿಚಾರಿಸಹೋದರೆ ಕಳ್ಳನು ಸಿಕ್ಕುವದಿಲ್ಲ. ಕಳವು ಸಾವಿರ ಪಾಲಾದ ಮಾತ್ರಕ್ಕೆ ಕಳವಲ್ಲವೆಂದಾಗುವದೋ? ಊರಿನ ನೀರುಗಂಟಿಯ ಕಣ್ಣಿಗೆ ಬೀಳದಷ್ಟು ಸಣ್ಣ ತಪ್ಪು ದೇವರ ಕಣ್ಣಿಗೂ ಬೀಳುವದಿಲ್ಲವೆಂದು ತಿಳಿಯುವದು ಅಪಾಯಕರವಾದ ತಿಳುವಳಿಕೆ.

ನಮ್ಮ ಕರ್ತನು ಐದು ರೊಟ್ಟಿಗಳಿಂದ ಐದು ಸಾವಿರ ಮಂದಿಗೆ ಉಣಿಸಿದ ಸಂಗತಿ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಎಲ್ಲರೂ ತೃಪ್ತರಾದ ಮೇಲೆ ಆತನು ಶಿಷ್ಯರಿಗೆ ಮಿಕ್ಕ ತುಂಡುಗಳನ್ನು ಕೂಡಿಸಹೇಳಿದನು. ಹನ್ನೆರಡು ಪುಟ್ಟಿಗಳು ತುಂಬಿದವು. ಇದರಲ್ಲಿರುವ ವಿಚಿತ್ರವನ್ನು ನೋಡಿರಿ. ಮತ್ತೆ ಬೇಕಾದರೆ ಮತ್ತೆ ರೊಟ್ಟಿ ಮಾಡಬಲ್ಲವನಿಗೆ ಚೂರುಗಳ ಚಿಂತೆ ಯಾಕೆ? ಕೊರತೆಯ ಭಯದಿಂದ ಆತನು ಹಾಗೆ ಹೇಳಲಿಲ್ಲ. ಸಮೃದ್ಧಿ ಇರುವಾಗಲೇ ಹೇಳಿದನು. ನಾವಾದರೋ ತದ್ವಿರುದ್ಧವಾಗಿ, ಬರಗಾಲದಲ್ಲಿ ಒಂದೊಂದು ಬಿಂದಿಗೆಗೂ ಲೆಕ್ಕವಿಟ್ಟು, ಕಟ್ಟೆ ತುಂಬಿದ ವರುಷ ಲೆಕ್ಕವನ್ನು ಮರೆಯುತ್ತೇವೆ.

ಈ ಮಾತು ಗದ್ದೆಯಲ್ಲಿಯೇ ಮುಗಿಯುವದಿಲ್ಲ, ಅಡಿಗೇಮನೆಗೂ ಬರುತ್ತದೆ. ಒಂದು ಕಿಲೋ ಭತ್ತಕ್ಕೆ ಗದ್ದೆಗೆ ಹರಿಯುವ ನೀರು ಸರಾಸರಿ 2,500 ಲೀಟರೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಭತ್ತವನ್ನು ಅಕ್ಕಿ ಮಾಡುವಾಗ ತೂಕ ಇಳಿಯುತ್ತದೆ. ಹೀಗಿರಲಾಗಿ ಎಲೆಯಲ್ಲಿ ಬಿಟ್ಟೆದ್ದ ಒಂದು ಹಿಡಿ ಅಕ್ಕಿಯ ಅನ್ನವೆಂದರೆ ಹತ್ತು ಬಿಂದಿಗೆಗೂ ಮೇಲ್ಪಟ್ಟ ನೀರು. ನಮ್ಮ ಮದುವೆಗಳಲ್ಲಿ ಊಟದ ಚಪ್ಪರದ ಹಿಂದಕ್ಕೆ ಹೋಗಿ ನೋಡಿದರೆ, ನಾಲೆಯ ನೀರೇ ಗುಡ್ಡೆಯಾಗಿ ಬಿದ್ದಿರುವದು ಕಾಣುತ್ತದೆ. ಸಾಲ ಮಾಡಿ ಬಡಿಸಿ, ಬಡಿಸಿದ್ದನ್ನು ಬಿಸಾಡಿ, ಆ ಸಾಲಕ್ಕೆ ಮುಂದಿನ ಬೇಸಿಗೆಯಲ್ಲಿ ಇನ್ನಷ್ಟು ಭತ್ತ ಬೆಳೆಯಬೇಕೆನ್ನುವದು! ಎಲೆ ತುಂಬ ಬಡಿಸದಿದ್ದರೆ ನೆಂಟರು ಏನನ್ನುವರೋ ಎಂಬ ಭಯವೇ ಇದಕ್ಕೆಲ್ಲಾ ಮೂಲವೆಂದು ನನಗೆ ಕಾಣುತ್ತದೆ.

ಗದ್ದೆಯಲ್ಲಿಯೂ ಹೀಗೆಯೇ. ಭತ್ತದ ಬುಡದಲ್ಲಿ ಯಾವಾಗಲೂ ನೀರು ನಿಂತಿರಬೇಕೆಂಬದು ರೂಢಿ. ಆದರೆ ನಡುನಡುವೆ ಮಣ್ಣು ಆರಲು ಬಿಟ್ಟು, ತಿರುಗಿ ನೀರು ಕೊಟ್ಟರೆ, ಕ್ರಮವಾಗಿ ಮಾಡಿದಲ್ಲಿ ಇಳುವರಿ ತಗ್ಗದೆ ನೀರು ಬಹಳ ಉಳಿಯುವದೆಂದು ಅನೇಕ ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಹೂ ಬಿಡುವ ಸಮಯದಲ್ಲಿ ಮಾತ್ರ ಆರಲು ಬಿಡಬಾರದು.

ಆದರೂ ಹಿರಿಯನ ಕಡೇ ಮಾತು ಉಳಿಯಿತು: ನಾನು ಬಿಟ್ಟದ್ದನ್ನು ಇನ್ನೊಬ್ಬನು ಎತ್ತಿಕೊಂಡರೆ? ಅವನ ತಪ್ಪಿಗೆ ಅವನು ಉತ್ತರ ಕೊಡುವನು, ನಿನ್ನದಕ್ಕೆ ನೀನು, ಎನ್ನಬಹುದು. ಇದು ನಿಜವಾದರೂ ಅರ್ಧ ಉತ್ತರವೇ, ಯಾಕಂದರೆ ಇದರಿಂದ ಕೊನೆಯ ಗದ್ದೆ ನೆನೆಯುವದಿಲ್ಲ. ಮಿಕ್ಕ ಅರ್ಧವನ್ನು ನಾನು ದೂರದ ಮಿಜೋರಾಮಿನ ಸಭೆಗಳ ವೃತ್ತಾಂತದಲ್ಲಿ ಕಂಡೆನು. ಅಲ್ಲಿ 1910ರಿಂದ ಒಂದು ಪದ್ಧತಿಯುಂಟು. ತಾಯಂದಿರು ಪ್ರತಿ ಸಾರಿ ಅಡಿಗೆ ಮಾಡುವಾಗ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ಬೇರೆ ಇಡುತ್ತಾರೆ. ಅದನ್ನು ಮನೆಮನೆಯಿಂದ ಕೂಡಿಸಿ ಮಾರಿ, ಬಂದ ಹಣವನ್ನು ಸುವಾರ್ತೆಯ ಕೆಲಸಕ್ಕೆ ಕೊಡುತ್ತಾರೆ. ಬಡವರ ಮನೆಯ ಆ ಹಿಡಿ ಅಕ್ಕಿ ಈಗ ವರುಷಕ್ಕೆ ಕೋಟಿಗಟ್ಟಲೆ ರೂಪಾಯಿಯಾಗಿದೆ. ಅಲ್ಲಿ ಯಾವ ತಾಯಿಯಾದರೂ ತನ್ನ ಒಂದು ಹಿಡಿಯಿಂದ ಏನು ಪ್ರಯೋಜನವೆಂದು ಕೇಳಿದ್ದರೆ, ಉತ್ತರ ಹೇಳುವದು ನನಗೆ ಕಷ್ಟವಾಗುತ್ತಿತ್ತು. ಆದರೆ ಪಕ್ಕದ ಮನೆಯಲ್ಲಿಯೂ ಅದೇ ಹೊತ್ತಿಗೆ ಒಂದು ಕೈ ಅಕ್ಕಿಯ ಪಾತ್ರೆಗೆ ಹೋಗುತ್ತದೆಂದು ಆಕೆಗೆ ಗೊತ್ತು.

ಹೋದ ತಿಂಗಳು ನಾನು ಆ ಊರಿಗೆ ತಿರುಗಿ ಹೋದಾಗ ಹಿರಿಯನಿಗೆ ಇದನ್ನು ಹೇಳಿದೆನು. ಆತನು ತನ್ನ ಕಾಲುವೆಯ ಮೇಲಿರುವ ಮೂರು ಮಂದಿಯ ಸಂಗಡ ಮಾತಾಡಿದನಂತೆ. ಅವರಲ್ಲಿ ಒಬ್ಬನೇ ನಮ್ಮ ಸಭೆಯವನು. ಇಬ್ಬರು ಒಪ್ಪಿದರು. ಮೂರನೆಯವನು ನಕ್ಕು, “ನೀವು ಮುಚ್ಚಿರಿ, ನನಗೆ ಲಾಭ” ಎಂದನಂತೆ. ಮುಂದಿನ ಸರದಿಯಲ್ಲಿ ಹಿರಿಯನೂ ಆ ಇಬ್ಬರೂ ರಾತ್ರಿ ಬ್ಯಾಟರಿ ಹಿಡಿದುಕೊಂಡು ಹೋಗಿ ತಮ್ಮ ತಮ್ಮ ಗದ್ದೆಗಳ ಬಾಯಿ ಮುಚ್ಚಿ ಬಂದರು. ಆ ನೀರು ಎಲ್ಲಿಯ ತನಕ ಹೋಯಿತೋ ಅವರಿಗೂ ತಿಳಿಯದು. ಮೂರನೆಯವನ ಗದ್ದೆಯ ಬಾಯಿ ಮಾತ್ರ ಬೆಳಗಿನ ತನಕ ತೆರೆದೇ ಇತ್ತು. ಮುಂದಿನ ಸರದಿಗೆ ಮೊದಲು ಅವನ ಮನೆಗೆ ಇನ್ನೊಂದು ಸಾರಿ ಹೋಗುತ್ತೇನೆಂದು ಹಿರಿಯನು ಹೇಳಿದನು.