ಅಪ್ರಮೇಯನ ಗುಡಿಯಲ್ಲಿ ಪುಟ್ಟ ತೊಟ್ಟಿಲು

ಚನ್ನಪಟ್ಟಣ ದಾಟಿ ಮೈಸೂರಿನತ್ತ ಸುಮಾರು 3 ಕಿ.ಮೀ. ಹೋದರೆ ದೊಡ್ಡಮಳೂರು ಸಿಗುತ್ತದೆ. ಅಲ್ಲಿನ ಮೂಲದೇವರು ಅಪ್ರಮೇಯಸ್ವಾಮಿ, ಅಂದರೆ ಅಳತೆಗೆ ಸಿಗದವನು. ಅದೇ ಗುಡಿಯಲ್ಲಿ ಕೈಯಲ್ಲಿ ಬೆಣ್ಣೆ ಹಿಡಿದ ಅಂಬೆಗಾಲು ನವನೀತಕೃಷ್ಣನೂ ಇದ್ದಾನೆ. ಸಂತಾನ ಬೇಡುವವರು ಹರಕೆ ಹೊತ್ತು ಅವನಿಗೆ ಪುಟ್ಟ ತೊಟ್ಟಿಲನ್ನು ಒಪ್ಪಿಸುತ್ತಾರೆ. ಆ ತೊಟ್ಟಿಲಲ್ಲಿ ಕೂಸನ್ನು ಮಲಗಿಸಲಾಗದು. ಆದರೂ ಅದನ್ನು ಸುಳ್ಳು ತೊಟ್ಟಿಲೆಂದು ಯಾರೂ ಹೇಳುವುದಿಲ್ಲ. ದೊಡ್ಡ ವಸ್ತುವನ್ನು ಕಿರಿದು ಮಾಡಿದಾಗ ಏನು ಉಳಿದರೆ ಅದು ನಿಜವೆನಿಸುತ್ತದೆ?

ಮಾದರಿ ಹಡಗು ಕಟ್ಟುವವರಿಗೆ ಇದು ದಿನನಿತ್ಯದ ಪ್ರಶ್ನೆ. 17 ಮತ್ತು 18ನೇ ಶತಮಾನದ ಬ್ರಿಟಿಷ್ ಯುದ್ಧನೌಕೆಗಳ ಮಾದರಿಗಳನ್ನು ಹೆಚ್ಚಾಗಿ 48ಕ್ಕೆ 1ರ ಪ್ರಮಾಣದಲ್ಲಿ ಮಾಡುತ್ತಿದ್ದರು. 48 ಅಡಿ ಅಲ್ಲಿ 1 ಅಡಿಯಾಗುತ್ತದೆ. ಆದರೆ ಹಾಯಿಯ ವಿಸ್ತೀರ್ಣ 2,304ರಲ್ಲಿ ಒಂದು ಪಾಲಿಗೆ, ಒಡಲಿನ ಗಾತ್ರ 1,10,592ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಾಳಿ, ನೀರು ಮಾತ್ರ ಕಿರಿದಾಗುವುದಿಲ್ಲ. ಮರದ ಎಳೆಯೂ ಅಷ್ಟೇ. ಸಣ್ಣ ಹಲಗೆಯ ಮೇಲೆ ಒರಟು ಎಳೆ ಕಂಡರೆ ಇಡೀ ಹಡಗು ಆಟಿಕೆಯಂತೆ ತೋರುತ್ತದೆ. ಹಾಗಾಗಿ ಎಳೆ ನಯವಾಗಿರುವ ಮರವನ್ನೇ ಹುಡುಕಬೇಕು. ಎಲ್ಲ ಲೆಕ್ಕದಲ್ಲೂ ಮೂಲವನ್ನು ಒಮ್ಮೆಗೇ ಹೋಲುವ ಮಾದರಿ ಸಾಧ್ಯವೇ ಇಲ್ಲ. ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದನ್ನು ಕಟ್ಟುವವನೇ ನಿರ್ಧರಿಸಬೇಕು.

ಚನ್ನಪಟ್ಟಣದ ಗೊಂಬೆ ಕೆಲಸದವರು ಈ ನಿರ್ಧಾರವನ್ನು ಬಹಳ ಹಿಂದೆಯೇ ಮಾಡಿದ್ದಾರೆ. ಅವರದು ಬಿಳುಪಾದ, ನಯವಾದ ಹಾಲೆಮರ. ಲೇತಿನ ಮೇಲೆ ತಿರುಗುವ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಲೇತಿನಿಂದ ಇಳಿಯುವುದೆಲ್ಲ ದುಂಡಗಿರುತ್ತದೆ. ಕುದುರೆಯ ಸ್ನಾಯು, ರೈಲಿನ ಕಿಟಕಿ ಅದಕ್ಕೆ ದಕ್ಕುವುದಿಲ್ಲ. ಗಾಲಿ ಮಾತ್ರ ನಿಜವಾಗಿಯೂ ಉರುಳುತ್ತದೆ. ಮಗುವಿಗೆ ಅಷ್ಟು ಸಾಕು, ರೈಲು ಹೊರಟೇಬಿಡುತ್ತದೆ.

ಹಡಗಿನ ಮಾದರಿಗೂ ಹರಕೆಯ ಇತಿಹಾಸವಿದೆ. ಕಡಲ ಅಪಾಯದಿಂದ ಪಾರಾದ ಯುರೋಪಿನ ನಾವಿಕರು ಚರ್ಚಿಗೆ ಪುಟ್ಟ ಹಡಗನ್ನು ಒಪ್ಪಿಸುತ್ತಿದ್ದರು. ಡೆನ್ಮಾರ್ಕಿನ ಅನೇಕ ಚರ್ಚುಗಳಲ್ಲಿ ಇಂದಿಗೂ ಅಂಥ ಹಡಗುಗಳು ಮಾಡಿನಿಂದ ತೂಗುತ್ತಿವೆ. ಅವುಗಳಲ್ಲಿ ಎಷ್ಟೋ ಹಡಗುಗಳ ಫಿರಂಗಿ, ಹಗ್ಗಗಳು ಪ್ರಮಾಣ ಮೀರಿ ದಪ್ಪಗಿವೆ. ಅಳತೆ ತಪ್ಪಿದರೂ ಹರಕೆ ತಪ್ಪಿಲ್ಲ. ಕೆಲವನ್ನು ಮಾತ್ರ ಒಳಗಿನ ಪಕ್ಕೆಲುಬುಗಳ ಸಮೇತ ಶ್ರದ್ಧೆಯಿಂದ ಕಟ್ಟಲಾಗಿದೆ. ಕೆಟಲೋನಿಯದ ಮಟಾರೊ ಊರಿನ ಗುಡಿಯೊಂದರಲ್ಲಿದ್ದ 15ನೇ ಶತಮಾನದ ಹರಕೆ ಹಡಗು ಈಗ ರಾಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಕಾಲದ ಹಡಗುಗಳನ್ನು ಹೇಗೆ ಕಟ್ಟುತ್ತಿದ್ದರೆಂದು ತಿಳಿಯಲು ಇತಿಹಾಸಕಾರರು ಅದನ್ನು ಆಧಾರವಾಗಿ ನೋಡುತ್ತಾರೆ.

ಅಳತೆಗೆ ಸಿಗದ ದೇವರಿಗೆ ಅಂಗೈಯಗಲದ ವಸ್ತು ಒಪ್ಪಿಸುವುದು ಅವನನ್ನು ಕಿರಿದು ಮಾಡಿದಂತಲ್ಲವೇ ಎಂಬ ಆಕ್ಷೇಪ ಸಹಜ. ಕಠೋಪನಿಷತ್ತು ಒಂದೇ ಆತ್ಮವನ್ನು ಹೆಬ್ಬೆರಳ ಗಾತ್ರದ್ದೆಂದೂ ಎಲ್ಲಕ್ಕಿಂತ ಹಿರಿದೆಂದೂ ಹೇಳುತ್ತದೆ; ಗಾತ್ರ ಅದರ ಸ್ವರೂಪಕ್ಕೆ ಸೇರಿದ್ದಲ್ಲ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆಯನ್ನು ದೊಡ್ಡಮಳೂರಿನ ಕೃಷ್ಣನನ್ನು ಕಂಡೇ ರಚಿಸಿದರೆಂಬ ಪ್ರತೀತಿ ಇದೆ. ಲೋಕಕ್ಕೆ ಒಡೆಯನಾದವನನ್ನು ತಾಯೊಬ್ಬಳು ತನ್ನ ಕೂಸೆಂದು ಆಡಿಸುವುದೇ ಅದರ ವಸ್ತು. ಅಳತೆಯನ್ನು ಮೀರಿದವನು ದೊಡ್ಡದಕ್ಕೆ ಎಷ್ಟು ದೂರವೋ ಸಣ್ಣದಕ್ಕೂ ಅಷ್ಟೇ ದೂರ, ಅಷ್ಟೇ ಹತ್ತಿರ. ಆದ್ದರಿಂದ ಆಕ್ಷೇಪ ನಿಲ್ಲುವುದಿಲ್ಲ.

ಮಾದರಿಯ ಸತ್ಯವಿರುವುದು ಅದು ಉಳಿಸಿಕೊಂಡ ಕ್ರಿಯೆಯಲ್ಲಿ. ಆಟಿಕೆಯ ಗಾಲಿ ಉರುಳಬೇಕು, ಹಡಗಿನ ಹಗ್ಗ ಹಾಯಿಯನ್ನು ಹಿಡಿದಿರಬೇಕು. ಹರಕೆಯ ತೊಟ್ಟಿಲು ತೂಗಬೇಕು, ಅದರೊಳಗೆ ಜಾಗ ಖಾಲಿಯಿರಬೇಕು. ಅದರ ಉದ್ದಗಲವನ್ನು ದೊಡ್ಡಮಳೂರಿನಲ್ಲಿ ಯಾರೂ ಕೇಳುವುದಿಲ್ಲ.